ಪಂಕ್ತಿಯ ಪಾಠ: ಸಿಖ್ ಬಾಂಧವರ ಸೇವೆಯೂ ನಮ್ಮ ಸಂಸ್ಥೆಗಳ ಹೊಣೆಯೂ

(ದೇವಾಲಯದ ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಮ್ಮಿಂದ ನೀವು ಎಂತಹ ಮಾತುಗಳನ್ನು ನಿರೀಕ್ಷಿಸುತ್ತೀರೆಂಬುದು ನಮಗೆ ತಿಳಿಯದ ವಿಷಯವಲ್ಲ. ಮೊದಲು ಬಂದ ಗುರುಗಳ ತ್ಯಾಗ, ಚಕ್ಕಡಿಯಲ್ಲಿ ಕಲ್ಲು ಹೇರಿ ತಂದ ಹಿರಿಯರ ಶ್ರಮ, ದೀಪದ ಎಣ್ಣೆಗೂ ಗತಿಯಿಲ್ಲದ ದಿನಗಳಲ್ಲಿ ವಿಶ್ವಾಸವನ್ನು ಕಾಪಾಡಿಕೊಂಡು ಬಂದ ಅಜ್ಜ ಅಜ್ಜಿಯರ ಭಕ್ತಿ, ಇವೆಲ್ಲವನ್ನೂ ನಮಗಿಂತ ಮೊದಲು ಮಾತನಾಡಿದ ಹಿರಿಯರು ಸ್ಮರಿಸಿದ್ದಾರೆ. ಅದಕ್ಕೆ ನಾವು ಸೇರಿಸಬೇಕಾದದ್ದು ಏನೂ ಇಲ್ಲ. ನಾವು ಇಂದು ಮಾತನಾಡಬೇಕೆಂದಿರುವುದು ಸಿಖ್ ಬಾಂಧವರ ಸೇವೆಯ ವಿಷಯವನ್ನು ಕುರಿತು.

ಇದೇನು, ಕ್ರೈಸ್ತ ದೇವಾಲಯದ ಶತಮಾನೋತ್ಸವದಲ್ಲಿ ಸಿಖ್ಖರ ಮಾತೇ ಎಂದು ನಿಮಗೆ ಆಶ್ಚರ್ಯವಾಗಬಹುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕುಗಳಲ್ಲಿ ಸಿಖ್ಖರನ್ನು ಕಾಣುವುದು ವಿರಳ. ನಿಪ್ಪಾಣಿಯ ಹೆದ್ದಾರಿಯಲ್ಲಿ ಪೇಟಾ ಕಟ್ಟಿದ ಲಾರಿ ಚಾಲಕರನ್ನು ಕಂಡಿರುವಿರೇ ಹೊರತು ಅವರ ಗುರುದ್ವಾರವನ್ನು ಕಂಡವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ. ಆದರೆ 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳನ್ನು ಕುರಿತ ತನ್ನ ಘೋಷಣೆಯಲ್ಲಿ, ಅವುಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆಯು ತಿರಸ್ಕರಿಸುವುದಿಲ್ಲವೆಂದು ಸಾರಿತು. ನೆರೆಯವನ ಮನೆಯಲ್ಲಿ ಒಳ್ಳೆಯದನ್ನು ಕಂಡು ನಮ್ಮ ಮನೆಯನ್ನು ತಿದ್ದಿಕೊಳ್ಳುವುದರಿಂದ ನಮ್ಮ ವಿಶ್ವಾಸಕ್ಕೆ ಕುಂದು ಬರುವುದಿಲ್ಲ. ಅಲ್ಲದೆ ತಿದ್ದಿಕೊಳ್ಳಬೇಕಾದ ಸಂಗತಿಯೊಂದು ನಮ್ಮಲ್ಲಿ ಇದೆ. ಅದನ್ನು ಹೇಳಿ ಮುಗಿಸದೆ ಈ ಉತ್ಸವವನ್ನು ಆಚರಿಸಲು ನಮ್ಮ ಮನಸ್ಸು ಒಪ್ಪಲಿಲ್ಲ.

2019ರ ಆಗಸ್ಟ್ ತಿಂಗಳನ್ನು ನೀವಾರೂ ಮರೆತಿರಲಾರಿರಿ. ಸಹ್ಯಾದ್ರಿಯಲ್ಲಿ ಸುರಿದ ಮಳೆ ಮಹಾರಾಷ್ಟ್ರದ ಅಣೆಕಟ್ಟುಗಳನ್ನು ತುಂಬಿಸಿ ಕೃಷ್ಣೆಗೆ ಇಳಿಯಿತು. ಪಂಚಗಂಗಾ, ದೂಧಗಂಗಾ, ವೇದಗಂಗಾ ಎಲ್ಲವೂ ಒಮ್ಮೆಲೆ ಏರಿದವು. ಯಮಗರ್ಣಿಯ ಬಳಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿತು. ಕಲ್ಲೋಳ, ಯಡೂರು, ಜುಗೂಳ, ಕುಡಚಿ ಮೊದಲಾದ ನದೀತೀರದ ಊರುಗಳ ಮಂದಿ ದನಕರುಗಳನ್ನು ಹೊಡೆದುಕೊಂಡು, ಕೂಸುಗಳನ್ನು ಎತ್ತಿಕೊಂಡು ಎತ್ತರದ ಸ್ಥಳಗಳಿಗೆ ಬಂದರು. ಹಾಗೆ ಬಂದವರಿಗೆ ನಮ್ಮ ಶಾಲೆಯ ಬಾಗಿಲನ್ನೂ ತೆರೆದೆವು. ಬೆಂಚುಗಳನ್ನು ಹೊರಗಿಟ್ಟು ಚಾಪೆ ಹಾಸಿದೆವು. ಓಣಿಯ ತಾಯಂದಿರು ಮನೆಮನೆಯಿಂದ ರೊಟ್ಟಿ ಬಡಿದು ತಂದರು. ಆಗಸ್ಟ್ 10ರಂದು ಸಂತ ಲಾರೆನ್ಸರ ಹಬ್ಬ. ಧರ್ಮಸಭೆಯ ಸಂಪತ್ತನ್ನು ತಂದೊಪ್ಪಿಸು ಎಂದು ಕೇಳಿದ ಅಧಿಕಾರಿಗೆ ರೋಮ್ ಪಟ್ಟಣದ ಬಡವರನ್ನು ತಂದು ತೋರಿಸಿದರೆಂದು ಪರಂಪರೆಯು ಹೇಳುವ ಆ ಸೇವಕನ ಹಬ್ಬದಂದು, ನಮ್ಮ ಶಾಲೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲಿ ಕುಳಿತಿದ್ದ ಜನರನ್ನು ನೋಡಿ ನಾವು ಪೂಜೆಯಲ್ಲಿ ಪ್ರಬೋಧನೆ ಮಾಡುವ ಅಗತ್ಯವೇ ಬೀಳಲಿಲ್ಲ. ನೀವು ಮಾಡಿದ ಸೇವೆಯನ್ನು ಕಂಡು ನಮ್ಮ ಹೃದಯ ತುಂಬಿತ್ತು.

ಆಮೇಲೆ ನೀರು ಇಳಿಯಿತು. ಜನರು ಕೆಸರು ತುಂಬಿದ ತಮ್ಮ ಮನೆಗಳಿಗೆ ಮರಳಿದರು. ನಾವು ತೆ ದೇಯುಂ ಸ್ತುತಿಗೀತೆ ಹಾಡಿದೆವು. ಅಲ್ಲಿಗೆ ಎಲ್ಲವೂ ಮುಗಿಯಿತು.

ಎರಡು ವರ್ಷ ಕಳೆಯುವಷ್ಟರಲ್ಲಿ, 2021ರ ಜುಲೈಯಲ್ಲಿ, ಮತ್ತೆ ಹೊಳೆ ಬಂತು. ಆ ವಾರ ನಾವು ಅನಾರೋಗ್ಯದ ನಿಮಿತ್ತ ಬೆಳಗಾವಿಯಲ್ಲಿ ಹಾಸಿಗೆ ಹಿಡಿದಿದ್ದೆವು. ಜನರು ಮೊದಲಿನಂತೆಯೇ ಶಾಲೆಗೆ ಬಂದರು. ದೊಡ್ಡ ಪಾತ್ರೆಗಳಿದ್ದ ಕೋಣೆಯ ಬೀಗದ ಕೀಲಿ ನಮ್ಮ ಮೇಜಿನ ಖಾನೆಯಲ್ಲಿತ್ತು. ಆ ಖಾನೆಯ ಕೀಲಿ ನಮ್ಮ ಜೇಬಿನಲ್ಲಿತ್ತು. ಮೊದಲ ಸಲ ಅಕ್ಕಿ ಕೊಟ್ಟ ಅಂಗಡಿಯವರು ಯಾರು, ಹೊದಿಕೆಗಳನ್ನು ಯಾರಲ್ಲಿ ಇಟ್ಟಿದ್ದೆವು, ಉಳಿದ ಹಣ ಎಷ್ಟು, ಇದೆಲ್ಲ ನಮ್ಮ ಕಿಸೆಯ ಚಿಕ್ಕ ಪುಸ್ತಕದಲ್ಲಿ ನಮಗೆ ಮಾತ್ರ ತಿಳಿಯುವ ಅಕ್ಷರದಲ್ಲಿತ್ತು. ಆ ರಾತ್ರಿ ಮಕ್ಕಳು ಚುರುಮುರಿ ತಿಂದು ಮಲಗಿದರಂತೆ. ನಾವು ಮರಳಿ ಬಂದಾಗ ಒಬ್ಬ ಹಿರಿಯ ತಾಯಿ ನಮ್ಮನ್ನು ಕಂಡು, "ಫಾದರ್, ನೀವಿದ್ರ ಎಲ್ಲಾ ಇರತೈತ್ರಿ. ನೀವಿಲ್ಲಂದ್ರ ನಮ್ಮ ಮನ್ಯಾಗ ನಮಗ ಭಾಂಡೆ ಸಿಗೂದಿಲ್ಲ" ಎಂದರು. ಅವರು ಅದನ್ನು ಗೌರವದಿಂದಲೇ ಹೇಳಿದ್ದು. ನಮಗೆ ಮಾತ್ರ ಅದು ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರಿದಂತಾಯಿತು. ಬೀಗ ಒಡೆಯಲು ಯಾರಿಗೂ ಧೈರ್ಯ ಬರಲಿಲ್ಲವೆಂದರೆ ತಪ್ಪು ಅವರದಲ್ಲ. ಈ ಮನೆ ತಮ್ಮದೆಂಬ ಭಾವನೆಯನ್ನು ನಾವು ಅವರಲ್ಲಿ ಬೆಳೆಸಿರಲಿಲ್ಲ.

ಈ ನೋವನ್ನು ಇಟ್ಟುಕೊಂಡೇ ನಾವು ಒಮ್ಮೆ ಬೀದರಿಗೆ ಹೋದೆವು. ಅಲ್ಲಿ ಗುರು ನಾನಕ ಝೀರಾ ಎಂಬ ಪುಣ್ಯಸ್ಥಳವಿದೆ. ದಕ್ಷಿಣದ ಪ್ರವಾಸದಲ್ಲಿ ಗುರು ನಾನಕರು (1469-1539) ಬೀದರಿಗೆ ಬಂದಾಗ, ಸಿಹಿನೀರಿಲ್ಲದೆ ಜನರು ಪಡುತ್ತಿದ್ದ ಸಂಕಟವನ್ನು ಕಂಡು ಕಲ್ಲೊಂದನ್ನು ಸರಿಸಲು ಅಲ್ಲಿಂದ ನೀರು ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. ಆ ಒರತೆ ಇಂದಿಗೂ ಹರಿಯುತ್ತಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಹರು ಖಾಲ್ಸಾ ಪಂಥವನ್ನು ಸ್ಥಾಪಿಸಿದಾಗ ತಲೆಯೊಪ್ಪಿಸಲು ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ ಸಿಂಹರು ಇದೇ ಬೀದರಿನ ಕ್ಷೌರಿಕ ಕುಲದವರು. ಕರ್ನಾಟಕದ ನೆಲದಿಂದ ಹೋದ ಕ್ಷೌರಿಕರೊಬ್ಬರನ್ನು ಪಂಥದ ಪಂಚಪ್ಯಾರೆಗಳಲ್ಲಿ ಒಬ್ಬರೆಂದು ಪಂಜಾಬಿನ ಸಿಖ್ಖರು ಇಂದಿಗೂ ನಿತ್ಯ ಪ್ರಾರ್ಥನೆಯಲ್ಲಿ ಸ್ಮರಿಸುತ್ತಾರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿಯಲ್ಲವೇ?

ಝೀರಾದ ಗುರುದ್ವಾರವು ಕಟ್ಟಲ್ಪಟ್ಟದ್ದು 1948ರಲ್ಲಿ. ಅದರ ಭೋಜನಶಾಲೆಯಲ್ಲಿ, ಅಂದರೆ ಲಂಗರಿನಲ್ಲಿ, ನಾವೂ ಪಂಕ್ತಿಯಲ್ಲಿ ಕುಳಿತೆವು. ನಮ್ಮ ಬಲಕ್ಕೆ ಒಬ್ಬ ಹಮಾಲ, ಎಡಕ್ಕೆ ಕಾಲೇಜು ವಿದ್ಯಾರ್ಥಿ, ಎದುರಿಗೆ ಬುರ್ಖಾ ಧರಿಸಿದ ತಾಯಿ ಮತ್ತು ಆಕೆಯ ಮಗು. ಯಾರೂ ನಮ್ಮ ಹೆಸರು ಕೇಳಲಿಲ್ಲ, ಧರ್ಮ ಕೇಳಲಿಲ್ಲ. ರೊಟ್ಟಿಯನ್ನು ಎರಡೂ ಕೈ ಚಾಚಿ ಪಡೆದುಕೊಳ್ಳಬೇಕೆಂದು ಪಕ್ಕದವರೇ ಹೇಳಿಕೊಟ್ಟರು. ಹಾಗೆ ಕೈ ಚಾಚಿದಾಗ, ನಿತ್ಯವೂ ಪೀಠದ ಬಳಿ ಪರಮಪ್ರಸಾದವನ್ನು ಕೊಡುವ ನಮ್ಮ ಕೈಗಳಿಗೆ ಪಡೆಯುವವರ ಕೈಗಳ ನೆನಪಾಯಿತು. ಊಟ ಮುಗಿಸಿ ಪಾತ್ರೆ ತೊಳೆಯುವ ಕಟ್ಟೆಗೆ ಹೋದಾಗ ಅಲ್ಲಿ ಬೂದಿ ಹಚ್ಚಿ ತಿಕ್ಕುತ್ತಿದ್ದ ವೃದ್ಧರೊಬ್ಬರನ್ನು, "ಈ ಅಡುಗೆಮನೆಯ ಯಜಮಾನರು ಯಾರು?" ಎಂದು ಹಿಂದಿಯಲ್ಲಿ ಕೇಳಿದೆವು. ಅವರು ನಕ್ಕು, "ಯಜಮಾನ ಗುರು. ನಾವೆಲ್ಲ ಇವತ್ತಿನ ಆಳುಗಳು. ನಾಳೆ ಬೇರೆಯವರು ಬರುತ್ತಾರೆ" ಎಂದರು. ನಮ್ಮ ಬೀಗದ ಕೋಣೆ ನೆನಪಿಗೆ ಬಂದು ನಾವು ಮರುಮಾತಾಡದೆ ಒಂದು ತಟ್ಟೆಯನ್ನು ಕೈಗೆತ್ತಿಕೊಂಡೆವು.

ಬಾಂಧವರೇ, ಲಂಗರೆಂದರೆ ಬರಿಯ ಅನ್ನದಾನವೆಂದು ತಿಳಿಯಬೇಡಿರಿ. ಅನ್ನದಾನ ನಮ್ಮ ನಾಡಿಗೆ ಹೊಸದಲ್ಲ. ಕಾಯಕ ಮಾಡಿ ದಾಸೋಹ ನಡೆಸಬೇಕೆಂದು ಹನ್ನೆರಡನೆಯ ಶತಮಾನದ ಶರಣರು ಕಲಿಸಿದರು. ಗುರು ನಾನಕರ ಬೋಧನೆಯ ಸಾರವೆಂದು ಸಿಖ್ಖರು ಹೇಳುವ ಮೂರು ಮಾತುಗಳೂ ಇದಕ್ಕೆ ಬಹು ಸಮೀಪ: ದೇವನಾಮವನ್ನು ಸ್ಮರಿಸು, ದುಡಿದು ಉಣ್ಣು, ಹಂಚಿ ಉಣ್ಣು. ನಮ್ಮ ಜನ ವಾರಿಗೆ ಹೋಗುವ ಪಂಢರಪುರದ ಸಂತ ನಾಮದೇವರ ಪದಗಳು ಸಿಖ್ಖರ ಗ್ರಂಥಸಾಹಿಬದಲ್ಲಿ ಸೇರಿವೆಯೆಂಬುದನ್ನೂ ಇಲ್ಲಿ ನೆನೆಯಬಹುದು. ಹಾಗಿದ್ದ ಮೇಲೆ ಅವರ ವೈಶಿಷ್ಟ್ಯವಾದರೂ ಏನು? ದಯೆಯೆಂಬ ಭಾವನೆಯನ್ನು ಅವರು ಒಂದು ವ್ಯವಸ್ಥೆಯನ್ನಾಗಿ ಮಾಡಿದರು. ಒಬ್ಬ ಪುಣ್ಯಾತ್ಮ ತೀರಿಕೊಂಡ ಮಾತ್ರಕ್ಕೆ ಒಲೆ ಆರದಂತೆ ನೋಡಿಕೊಂಡರು.

ಆ ವ್ಯವಸ್ಥೆ ಬೆಳೆದ ಬಗೆಯನ್ನು ಸಂಕ್ಷೇಪವಾಗಿ ನೋಡೋಣ. ಎರಡನೆಯ ಗುರು ಅಂಗದರ ಕಾಲದಲ್ಲಿ ಅವರ ಪತ್ನಿ ಮಾತಾ ಖೀವಿಯವರು ಲಂಗರಿನ ಮೇಲ್ವಿಚಾರಣೆಯನ್ನು ನೋಡಿಕೊಂಡರು. ಅವರ ಹೆಸರು ಗ್ರಂಥಸಾಹಿಬದಲ್ಲಿಯೇ ಉಲ್ಲೇಖಗೊಂಡಿದೆ. ಅಡುಗೆಮನೆಯ ಹೊಣೆ ಹೊತ್ತ ಹೆಣ್ಣುಮಗಳ ಹೆಸರು ಪವಿತ್ರಗ್ರಂಥದಲ್ಲಿ ನಿಂತಿತು! ಮೂರನೆಯ ಗುರು ಅಮರದಾಸರು, ತಮ್ಮನ್ನು ಕಾಣಬಯಸುವವರು ಮೊದಲು ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂದು ಕಟ್ಟಳೆ ಮಾಡಿದರು. ಅಕ್ಬರ್ ಬಾದಶಹನೂ ಹಾಗೆಯೇ ಕುಳಿತು ಉಂಡನೆಂದು ಅವರ ಸಂಪ್ರದಾಯ ಹೇಳುತ್ತದೆ. ಗಳಿಕೆಯ ಹತ್ತರಲ್ಲೊಂದು ಭಾಗವನ್ನು ಸಮುದಾಯಕ್ಕಾಗಿ ಎತ್ತಿಡುವ ದಸವಂಧ ಎಂಬ ಪದ್ಧತಿ ರೂಢಿಗೆ ಬಂತು. ಹಳೆಯ ಒಡಂಬಡಿಕೆಯ ದಶಮಾಂಶವನ್ನು ಬಲ್ಲ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಗುರುವಿನ ಹುಂಡಿ ಬಡವನ ಬಾಯಿ ಎಂಬರ್ಥದ ಗಾದೆಯೇ ಪಂಜಾಬಿನಲ್ಲಿದೆ. ಇನ್ನು ಆನಂದಪುರದ ಯುದ್ಧದಲ್ಲಿ ಗಾಯಗೊಂಡ ಶತ್ರು ಸೈನಿಕರಿಗೂ ನೀರುಣಿಸಿದ ಭಾಯಿ ಕನ್ಹಯ್ಯನವರ ಕಥೆಯನ್ನು ಕೇಳಿದರೆ ಒಳ್ಳೆಯ ಸಮಾರಿತನ ಸಾಮತಿಯು ತಾನಾಗಿಯೇ ನೆನಪಾಗುತ್ತದೆ. ಕನ್ಹಯ್ಯನವರ ಮೇಲೆ ದೂರು ಬಂದಾಗ ಗುರು ಗೋವಿಂದ ಸಿಂಹರು ಅವರಿಗೆ ನೀರಿನ ಜೊತೆಗೆ ಗಾಯಕ್ಕೆ ಹಚ್ಚುವ ಮುಲಾಮನ್ನೂ ಕೊಟ್ಟು ಕಳುಹಿಸಿದರಂತೆ.

ಇಪ್ಪತ್ತನೆಯ ಶತಮಾನದ ಒಂದು ನಿದರ್ಶನವನ್ನು ಹೇಳುತ್ತೇವೆ. 1934ರಲ್ಲಿ ಲಾಹೋರಿನ ಗುರುದ್ವಾರದ ಬಾಗಿಲಲ್ಲಿ ನಡೆಯಲಾರದ, ಮಾತನಾಡಲಾರದ ನಾಲ್ಕು ವರ್ಷದ ಹುಡುಗನನ್ನು ಯಾರೋ ಬಿಟ್ಟುಹೋದರು. ಅಲ್ಲಿ ಸೇವೆ ಮಾಡಿಕೊಂಡಿದ್ದ ಪೂರಣ ಸಿಂಹರೆಂಬ ತರುಣರು ಆ ಹುಡುಗನನ್ನು ಹದಿನಾಲ್ಕು ವರ್ಷಗಳ ಕಾಲ ಬೆನ್ನ ಮೇಲೆ ಹೊತ್ತು ತಿರುಗಿದರು. ದೇಶವಿಭಜನೆಯ ಕಾಲದಲ್ಲಿ ಆತನನ್ನು ಹೊತ್ತುಕೊಂಡೇ ಅಮೃತಸರಕ್ಕೆ ಬಂದರು. ಅಲ್ಲಿ ನಿರಾಶ್ರಿತ ರೋಗಿಗಳನ್ನು ಕೂಡಿಸಿಕೊಂಡು ಪಿಂಗಲವಾಡಾ ಎಂಬ ಆಶ್ರಯಧಾಮವನ್ನು ನಡೆಸಿದರು. ಇಲ್ಲಿಯವರೆಗಿನ ಕಥೆ ಒಬ್ಬ ಸಂತನ ಕಥೆ. ಆದರೆ ಭಗತ ಪೂರಣ ಸಿಂಹರು ಅಷ್ಟಕ್ಕೇ ನಿಲ್ಲದೆ 1957ರಲ್ಲಿ ಪಿಂಗಲವಾಡಾವನ್ನು ನೋಂದಾಯಿತ ಸಂಸ್ಥೆಯನ್ನಾಗಿ ಮಾಡಿದರು. 1992ರಲ್ಲಿ ಅವರು ತೀರಿಕೊಂಡರು, ಪಿಂಗಲವಾಡಾ ತೀರಿಕೊಳ್ಳಲಿಲ್ಲ. ಬೆನ್ನ ಮೇಲೆ ಹೊತ್ತ ಸೇವೆಯನ್ನು ಕಾಗದದ ಮೇಲೂ ಇಳಿಸಬೇಕೆಂಬ ವಿವೇಕ ಆ ಸಂತನಿಗಿತ್ತು. ಆ ವಿವೇಕ ನಮಗಿರಲಿಲ್ಲ.

ಹಾಗೆಂದು ಸಿಖ್ಖರ ಸಂಸ್ಥೆಗಳಿಗೆ ಎಂದೂ ಕೇಡು ತಟ್ಟಲಿಲ್ಲವೆಂದು ಹೇಳಿದರೆ ಅದು ಸತ್ಯವಾಗಲಾರದು. ಒಂದು ಕಾಲದಲ್ಲಿ ಅನೇಕ ಗುರುದ್ವಾರಗಳು ವಂಶಪರಂಪರೆಯ ಮಹಂತರ ಕೈಸೇರಿ, ಜನರ ಕಾಣಿಕೆ ಅವರ ಖಾಸಗಿ ಸ್ವತ್ತಿನಂತಾಗಿತ್ತು. 1920ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ರಚನೆಗೊಂಡು ಸುಧಾರಣೆಯ ಚಳವಳಿ ಬಲಗೊಂಡಿತು. 1921ರಲ್ಲಿ ನನಕಾನಾ ಸಾಹಿಬದಲ್ಲಿ ರಕ್ತಪಾತವಾಯಿತು. 1922ರಲ್ಲಿ ಅಮೃತಸರದ ಬಳಿಯ ಗುರು ಕಾ ಬಾಗ್‌ನಲ್ಲಿ ಹೋರಾಟ ಆರಂಭವಾದದ್ದು ಯಾತಕ್ಕಾಗಿ ಗೊತ್ತೇ? ಲಂಗರಿನ ಒಲೆಗೆ ಸೌದೆ ಕಡಿದರೆಂದು ಅಕಾಲಿಗಳನ್ನು ಬಂಧಿಸಿದ್ದಕ್ಕಾಗಿ. ದಿನದಿನವೂ ಗುಂಪುಗುಂಪಾಗಿ ಹೋಗಿ, ಕೈಯೆತ್ತದೆ, ಪೊಲೀಸರ ಲಾಠಿಗಳಿಗೆ ಅವರು ಮೈಯೊಡ್ಡಿದರು. ಆ ದೃಶ್ಯವನ್ನು ಕಣ್ಣಾರೆ ಕಂಡ ಕ್ರೈಸ್ತ ಧರ್ಮಸೇವಕ ಸಿ. ಎಫ್. ಆಂಡ್ರೂಸರಿಗೆ ಕ್ರಿಸ್ತನ ಶಿಲುಬೆಯ ಯಾತನೆಯೇ ಕಣ್ಣೆದುರು ಬಂತು. ಅದನ್ನವರು ಲೋಕಕ್ಕೆ ತಿಳಿಸಿದರು. ಕೊನೆಗೆ 1925ರಲ್ಲಿ ಸಿಖ್ ಗುರುದ್ವಾರಗಳ ಶಾಸನವಾಗಿ, ಆಡಳಿತವು ಜನರಿಂದ ಆಯ್ಕೆಯಾದವರ ಕೈಗೆ ಬಂತು. ಸ್ತ್ರೀಯರಿಗೂ ಮತದ ಹಕ್ಕು ದೊರೆಯಿತು. ಹೆಚ್ಚುಕಡಿಮೆ ನಮ್ಮ ದೇವಾಲಯಕ್ಕೆ ಅಡಿಗಲ್ಲು ಬಿದ್ದ ಕಾಲವದು.

ಅಷ್ಟಾದರೂ ಮನುಷ್ಯ ಕಟ್ಟಿದ್ದು ಸದಾ ದುರಸ್ತಿ ಬೇಡುತ್ತದೆ. 2011ರಲ್ಲಿ ಆ ಸಮಿತಿಗೆ ಚುನಾವಣೆ ನಡೆದ ಬಳಿಕ ಹತ್ತು ವರ್ಷ ಕಳೆದರೂ ಮುಂದಿನ ಚುನಾವಣೆ ನಡೆಯಲಿಲ್ಲ. ಆ ಬಗ್ಗೆ ಸಿಖ್ಖರಲ್ಲಿಯೇ ಅಸಮಾಧಾನವಿದೆ. ಬೀದರಿನಲ್ಲಿಯೂ ಕಷ್ಟದ ದಿನಗಳು ಬರದೆ ಇರಲಿಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಆ ಊರಿನಲ್ಲಿ ಓದುತ್ತಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾಗಿ ಕೆಲವು ತರುಣರು ಪ್ರಾಣ ಕಳೆದುಕೊಂಡರು. ನಮ್ಮ ಕರ್ನಾಟಕಕ್ಕೆ ಅದು ತಲೆತಗ್ಗಿಸುವ ಸಂಗತಿ. ಆದರೂ 1980ರಲ್ಲಿ ಗುರು ನಾನಕ ದೇವರ ಹೆಸರಿನಲ್ಲಿ ಅಲ್ಲಿ ಆರಂಭವಾಗಿದ್ದ ಇಂಜಿನಿಯರಿಂಗ್ ಕಾಲೇಜು ಮುಚ್ಚಿಹೋಗಲಿಲ್ಲ. ಇಂದಿಗೂ ಎಲ್ಲ ಮತಗಳ ಮಕ್ಕಳು ಅಲ್ಲಿ ಕಲಿಯುತ್ತಾರೆ. ಝೀರಾದ ಪಂಕ್ತಿಯಲ್ಲಿ ಇಂದಿಗೂ ಎಲ್ಲರಿಗೂ ಎಡೆಯಿದೆ. ಗಾಯಗೊಂಡ ಮನೆಯವರೇ ಊರಿಗೆ ಅನ್ನವಿಕ್ಕುತ್ತಿರುವುದು ಕ್ಷಮೆಯ ಯಾವ ಪ್ರವಚನಕ್ಕಿಂತ ಕಡಿಮೆ?

2021ರ ಏಪ್ರಿಲ್‌ನಲ್ಲಿ ಕೊರೋನಾ ಮಾರಿಯ ಎರಡನೆಯ ಅಲೆ ಎದ್ದು, ದೆಹಲಿಯ ಸುತ್ತಮುತ್ತ ಜನರು ಉಸಿರಿಗಾಗಿ ಬೀದಿಬೀದಿ ಅಲೆಯುತ್ತಿದ್ದಾಗ, ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದ ಮುಂದೆ ಆಕ್ಸಿಜನ್ ಲಂಗರ್ ನಡೆಯಿತು. ವಾಹನದಲ್ಲಿ ಕುಳಿತ ರೋಗಿಗಳಿಗೆ ಅಲ್ಲಿಯೇ ಪ್ರಾಣವಾಯು ಕೊಟ್ಟರು. ಇದು ಒಂದೇ ದಿನದಲ್ಲಿ ಹುಟ್ಟಿದ ಉತ್ಸಾಹವೆಂದು ನೀವು ತಿಳಿಯಬಾರದು. ಅಮೃತಸರದ ಸ್ವರ್ಣಮಂದಿರದಲ್ಲಿ ಸಾಮಾನ್ಯ ದಿನಗಳಲ್ಲಿಯೇ 50,000ಕ್ಕೂ ಹೆಚ್ಚು ಮಂದಿ ಉಣ್ಣುತ್ತಾರೆ. ನಿತ್ಯವೂ ಪಾತ್ರೆ, ಒಲೆ, ಲೆಕ್ಕ, ಸರದಿ, ಕೈಗಳು ಸಿದ್ಧವಾಗಿರುವ ಸಮುದಾಯಕ್ಕೆ ಆಪತ್ತಿನ ದಿನ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ನೆರೆ ಬಂದ ಮೇಲೆ ದೋಣಿ ಕಟ್ಟಲು ಕೂಡುವವನ ಪಾಡು ನಮ್ಮದಾಗಿತ್ತು.

ಈ ಪಾಠ ನಮ್ಮ ಶುಭಸಂದೇಶದಲ್ಲಿ ಇಲ್ಲವೇ? ಇದೆ, ನಾವು ಓದಿ ಮುಂದೆ ಹೋದೆವು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ನೆನೆಯಿರಿ. ಜೆರುಸಲೇಮಿನ ಆದಿ ಸಭೆಯಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಅಲಕ್ಷಿಸಲಾಗುತ್ತಿದೆ ಎಂಬ ಗೊಣಗಾಟ ಎದ್ದಿತು. ಭಾಷೆಯ ಕಾರಣದಿಂದ ಊಟದಲ್ಲಿ ಭೇದ! ಕನ್ನಡ ಮರಾಠಿ ಎರಡೂ ಆಡುವ ಈ ಗಡಿನಾಡಿನ ನಮಗೆ ಆ ಗೊಣಗಾಟದ ದನಿ ಅಪರಿಚಿತವಲ್ಲ. ಪ್ರೇಷಿತರು ದೂರಿದವರನ್ನು ಗದರಲಿಲ್ಲ. ಎಲ್ಲವನ್ನೂ ತಾವೇ ಮಾಡುತ್ತೇವೆಂದೂ ಹೇಳಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ನೀವೇ ಆರಿಸಿಕೊಳ್ಳಿರೆಂದು ಜನರಿಗೆ ಹೇಳಿದರು. ಆರಿಸಲ್ಪಟ್ಟ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಎಂದರೆ ಅನ್ಯಾಯಕ್ಕೆ ಒಳಗಾದ ಪಂಗಡದ ಕಡೆಯವರಿಗೇ ಹೊಣೆ ದೊರೆತಂತಾಯಿತು. ಸಂತ ಪೌಲರು ಕೊರಿಂಥದವರನ್ನು ಗದರಿದ್ದೂ ಊಟದ ಪಂಕ್ತಿಯ ವಿಷಯದಲ್ಲಿಯೇ: ಉಳ್ಳವರು ಮೊದಲೇ ಉಂಡು ತೃಪ್ತರಾಗುತ್ತಾರೆ, ಇಲ್ಲದವರು ಹಸಿದೇ ಇರುತ್ತಾರೆ ಎಂದು. ಅದೇ ಪೌಲರು ಜೆರುಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಒಬ್ಬರೇ ಒಯ್ಯಲಿಲ್ಲ. ಯಾರೂ ಬೆರಳು ತೋರಿಸದಂತೆ ಸಭೆಗಳು ಆರಿಸಿದ ಸಹೋದರರನ್ನು ಜೊತೆಗೆ ಕಳುಹಿಸಿದರು. ಪ್ರೇಷಿತನಿಗೇ ಸಾಕ್ಷಿ ಬೇಕಾಗಿದ್ದರೆ ಧರ್ಮಕೇಂದ್ರದ ಗುರುವಿಗೆ ಬೇಡವೇ?

1983ರ ಧರ್ಮಸಭೆಯ ಶಾಸನಸಂಹಿತೆಯ 537ನೆಯ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿಯೂ ಆರ್ಥಿಕ ಸಮಿತಿ ಇರಲೇಬೇಕು. 1287ನೆಯ ವಿಧಿಯ ಪ್ರಕಾರ ಭಕ್ತಾದಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತಾದಿಗಳಿಗೆ ಒಪ್ಪಿಸಬೇಕು. ಗುರುಮಠದಲ್ಲಿ ನಾವು ಇದನ್ನೆಲ್ಲ ಕಲಿತವರೇ. ಆ ಪುಸ್ತಕ ನಮ್ಮ ಕಪಾಟಿನಲ್ಲಿತ್ತು. ಲೆಕ್ಕ ನಮ್ಮ ಕಿಸೆಯಲ್ಲಿತ್ತು. ನಾವು ಒಂದು ಪೈಸೆಯನ್ನೂ ದುರುಪಯೋಗ ಮಾಡಿಲ್ಲವೆಂದು ದೇವರ ಮುಂದೆ ಹೇಳಬಲ್ಲೆವು. ಆದರೆ ಪ್ರಾಮಾಣಿಕತೆಯನ್ನು ನಾವು ಒಬ್ಬಂಟಿಯಾಗಿ ಇಟ್ಟುಕೊಂಡೆವು. ನಿಮಗೆ ಹೊರೆಯಾಗಬಾರದೆಂದು ಎಲ್ಲವನ್ನೂ ನಾವೇ ಮಾಡಿದೆವು. ಹಾಗೆ ಮಾಡುತ್ತ ನಿಮ್ಮ ಕೈಗಳನ್ನು ದುರ್ಬಲಗೊಳಿಸಿದೆವು. ಈ ತಪ್ಪನ್ನು ಇಂದು ನಿಮ್ಮೆದುರು ಒಪ್ಪಿಕೊಳ್ಳುತ್ತೇವೆ.

ನಮ್ಮ ಸೀಮೆಯ ಮಂದಿಗೆ ಸಂಸ್ಥೆ ಕಟ್ಟುವ ಶಕ್ತಿಯಿಲ್ಲವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕಟ್ಟಿದ ಸಹಕಾರಿ ಸಂಘದಿಂದ ಈ ನಾಡಿನ ಸಹಕಾರ ಚಳವಳಿ ಮೊಳಕೆಯೊಡೆಯಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ತರುಣರು ಆರಂಭಿಸಿದ ಶಾಲೆಯಿಂದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಬೆಳೆಯಿತು. ನಿಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಅದರ ಕಾಲೇಜುಗಳಲ್ಲಿ ಓದಿದ್ದಾರೆ, ನಿಮ್ಮಲ್ಲಿ ಎಷ್ಟೋ ಮಂದಿ ಅದರ ಆಸ್ಪತ್ರೆಯಲ್ಲಿ ಗುಣ ಹೊಂದಿದ್ದೀರಿ. ಆ ಏಳು ಮಂದಿಯಲ್ಲಿ ಇಂದು ಯಾರೂ ಇಲ್ಲ, ಸಂಸ್ಥೆ ಇದೆ. ಅಥಣಿಯ ಶಿವಯೋಗಿಗಳ ಗಚ್ಚಿನಮಠಕ್ಕೆ, ಸ್ತವನಿಧಿಯ ಜೈನ ಕ್ಷೇತ್ರಕ್ಕೆ ಹೋಗುವ ಭಕ್ತರಿಗೆ ಅಲ್ಲಿಯ ಪ್ರಸಾದದ ಬೆಲೆ ತಿಳಿದಿದೆ. 1925ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಇದೇ ನಿಪ್ಪಾಣಿಗೆ ಬಂದು ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಮಾತನಾಡಿದರು. ಪಂಕ್ತಿಯಿಂದ ಹೊರಗೆ ಕೂಡಿಸಲ್ಪಟ್ಟವರ ಆ ಕೂಗು ದೇವಾಲಯಗಳಿಗೂ ಕೇಳಿಸಬೇಕಾಗಿತ್ತು. ಹಬ್ಬದ ಊಟದಲ್ಲಿ ಇಂತಹ ಓಣಿಯವರು ಆಮೇಲೆ ಬರುತ್ತಾರೆ ಎಂಬ ಮಾತು ನಮ್ಮ ಅಂಗಳದಲ್ಲಿಯೂ ಕೇಳಿಬಂದದ್ದುಂಟು. ಬೀದರಿನಲ್ಲಿ ಹಮಾಲನ ಪಕ್ಕ ಕುಳಿತು ಉಂಡ ಮೇಲೆ ಆ ಮಾತನ್ನು ಇನ್ನೊಮ್ಮೆ ಕೇಳುವ ತಾಳ್ಮೆ ನಮಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಶತಮಾನೋತ್ಸವದ ನೆನಪಿಗೆ ಹೆದ್ದಾರಿಗೆ ಕಾಣುವಂತೆ ಕಲ್ಲಿನ ಮಹಾದ್ವಾರವೊಂದನ್ನು ಕಟ್ಟಿಸಬೇಕೆಂದು ಉತ್ಸವ ಸಮಿತಿಯವರು ಆಲೋಚಿಸಿದ್ದಾರೆ. ಅವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಲು ಅನುಮತಿ ಕೊಡಿರಿ. ಮುಂದಿನ ಸಲ ಕೃಷ್ಣೆ ಏರಿದಾಗ ಒದ್ದೆ ಬಟ್ಟೆಯಲ್ಲಿ ಬರುವ ತಾಯಿ ಆ ಮಹಾದ್ವಾರವನ್ನು ದಾಟಿ ಬಂದು ಬೀಗ ಹಾಕಿದ ಕೋಣೆಯ ಮುಂದೆ ನಿಂತರೆ, ಆ ದ್ವಾರದ ಮೇಲೆ ನಾವು ಕೆತ್ತಿಸುವ ಕ್ರಿಸ್ತನ ಹೆಸರಿಗೆ ಏನು ಬೆಲೆ ಉಳಿದೀತು? ಆದಕಾರಣ ಆ ಹಣದಿಂದ ಒಂದು ಅಡುಗೆಮನೆಯನ್ನೂ ಉಗ್ರಾಣವನ್ನೂ ಕಟ್ಟೋಣವೆಂಬುದು ನಮ್ಮ ಬಿನ್ನಹ. ಕಟ್ಟಡಕ್ಕಿಂತ ಅದನ್ನು ನಡೆಸುವ ಕಟ್ಟಳೆ ಮುಖ್ಯವಾದುದರಿಂದ ಈ ಐದು ಅಂಶಗಳನ್ನು ನಿಮ್ಮ ವಿಚಾರಕ್ಕೆ ಇಡುತ್ತೇವೆ.

ಮೊದಲನೆಯದಾಗಿ, ಪ್ರತಿ ಕುಟುಂಬವೂ ತಿಂಗಳಿಗೊಮ್ಮೆ ತನ್ನ ಶಕ್ತ್ಯಾನುಸಾರ ಜೋಳವನ್ನೋ ಅಕ್ಕಿಯನ್ನೋ ಬೇಳೆಯನ್ನೋ ತಂದು ಒಪ್ಪಿಸಲಿ. ಮುಷ್ಟಿಭಿಕ್ಷೆ ನಮ್ಮ ನಾಡಿನ ಹಳೆಯ ಪದ್ಧತಿ. ಹೊರಗಿನ ನೆರವು ಬಂದರೆ ಬರಲಿ. ಆದರೆ ನಮ್ಮ ಒಲೆ ನಮ್ಮ ಹಿಡಿಕಾಳಿನಿಂದ ಹೊತ್ತಬೇಕು.

ಎರಡನೆಯದಾಗಿ, ಉಗ್ರಾಣಕ್ಕೆ ಮೂರು ಕೀಲಿಗಳಿರಲಿ. ಅವು ಮೂರು ಬೇರೆ ಬೇರೆ ಓಣಿಗಳ ಮನೆಗಳಲ್ಲಿರಲಿ. ಗುರುಗಳ ಬಳಿ ಒಂದೂ ಇರುವುದು ಬೇಡ.

ಮೂರನೆಯದಾಗಿ, ಇದನ್ನು ನಡೆಸುವ ಸಮಿತಿಯನ್ನು ನೀವೇ ಆರಿಸಿರಿ. ಅದರಲ್ಲಿ ಅರ್ಧದಷ್ಟು ಮಂದಿ ಸ್ತ್ರೀಯರಿರಲಿ. ನೂರು ವರ್ಷ ಪಾತ್ರೆ ತೊಳೆದ ಕೈಗಳು ಇನ್ನು ಮುಂದೆ ಲೆಕ್ಕದ ಪುಸ್ತಕಕ್ಕೆ ಸಹಿಯನ್ನೂ ಹಾಕಲಿ. ಮೂರು ವರ್ಷಕ್ಕೊಮ್ಮೆ ಸಮಿತಿ ಬದಲಾಗಲಿ. ಒಬ್ಬರೇ ಸಾಯುವತನಕ ಖಜಾಂಚಿಯಾಗಿರುವುದು ಅವರಿಗೂ ಒಳ್ಳೆಯದಲ್ಲ, ನಮಗೂ ಅಲ್ಲ.

ನಾಲ್ಕನೆಯದಾಗಿ, ಮೂರು ತಿಂಗಳಿಗೊಮ್ಮೆ ಭಾನುವಾರದ ಪೂಜೆಯ ನಂತರ ಜಮಾಖರ್ಚನ್ನು ಗಟ್ಟಿಯಾಗಿ ಓದಲಿ, ಬಾಗಿಲಲ್ಲಿ ಅಂಟಿಸಲಿ. ಪ್ರಶ್ನೆ ಕೇಳಿದವರನ್ನು ಯಾರೂ ಕೆಂಗಣ್ಣಿನಿಂದ ನೋಡಬಾರದು.

ಐದನೆಯದಾಗಿ, ಪ್ರತಿ ವರ್ಷ ಸಂತ ಲಾರೆನ್ಸರ ಹಬ್ಬದಂದು ಊರಿನ ಎಲ್ಲ ಮತದವರನ್ನೂ ಕರೆದು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ. ಅಂದು ಉಗ್ರಾಣದ ಪಾತ್ರೆಗಳನ್ನು ಹೊರತೆಗೆದು, ಎಣಿಸಿ, ಬೆಳಗಿ, ಬಳಸಿ ಒಳಗಿಡೋಣ. ಹಬ್ಬದ ಊಟವೂ ಆಯಿತು, ಮಳೆಗಾಲದ ಸಿದ್ಧತೆಯೂ ಆಯಿತು. ಮಸೀದಿಯ ಜಮಾತಿನವರು, ಮಠದವರು, ಜೈನ ಬಸದಿಯವರು ತಮ್ಮ ಪಾತ್ರೆಗಳ ಪಟ್ಟಿಯನ್ನು ನಮಗೂ, ನಾವು ನಮ್ಮದನ್ನು ಅವರಿಗೂ ಕೊಟ್ಟರೆ ಹೊಳೆ ಬಂದ ರಾತ್ರಿ ಯಾರೂ ಯಾರ ಬಾಗಿಲನ್ನೂ ಹುಡುಕಬೇಕಾಗಿಲ್ಲ.

ಇದು ಸಿಖ್ಖರ ಅನುಕರಣೆಯೇ ಎಂದು ಯಾರಾದರೂ ಕೇಳಬಹುದು. ಅನುಕರಣೆಯಲ್ಲ. ಕೊನೆಯ ಭೋಜನದ ರಾತ್ರಿ ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಪಾದ ತೊಳೆದ ಯೇಸುಸ್ವಾಮಿ ನಮಗೆ ಕೊಟ್ಟದ್ದನ್ನೇ ನಾವು ನೆರೆಮನೆಯ ದೀಪದ ಬೆಳಕಿನಲ್ಲಿ ಹುಡುಕಿ ತೆಗೆಯುತ್ತಿದ್ದೇವೆ.

ಪ್ರಿಯ ಬಾಂಧವರೇ, ನಮಗೆ ಅರವತ್ತು ದಾಟಿದೆ. ಧರ್ಮಾಧ್ಯಕ್ಷರ ಆಜ್ಞೆ ಬಂದ ದಿನ ನಾವು ಪೆಟ್ಟಿಗೆ ಕಟ್ಟಿಕೊಂಡು ಬೇರೆ ಧರ್ಮಕೇಂದ್ರಕ್ಕೆ ಹೊರಡುವವರು. ಗುರುಗಳು ಬರುತ್ತಾರೆ, ಹೋಗುತ್ತಾರೆ. ಇಲ್ಲಿಯೇ ಹುಟ್ಟಿ, ಇಲ್ಲಿಯೇ ಜ್ಞಾನಸ್ನಾನ ಪಡೆದು, ಇಲ್ಲಿಯ ಸಮಾಧಿಯಲ್ಲಿ ಮಲಗುವವರು ನೀವು. ಈ ಮನೆಯನ್ನು ಮೊದಲ ನೂರು ವರ್ಷ ಗುರುಗಳು ನಡೆಸಿದರೆಂದು ಚರಿತ್ರೆ ಬರೆದರೆ ಬರೆಯಲಿ. ಎರಡನೆಯ ನೂರು ವರ್ಷ ಜನರು ನಡೆಸಿದರೆಂದು ಬರೆಯುವಂತಾಗಲಿ.

ಪಾತ್ರೆಯ ಕೋಣೆಯ ಆ ಹಳೆಯ ಕೀಲಿಯನ್ನು ಇಂದು ಜೊತೆಗೆ ತಂದಿದ್ದೇವೆ. ಅಂದು "ನಮ್ಮ ಮನ್ಯಾಗ ನಮಗ ಭಾಂಡೆ ಸಿಗೂದಿಲ್ಲ" ಎಂದ ತಾಯಿ ಈ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅಮ್ಮಾ, ದಯವಿಟ್ಟು ಮುಂದೆ ಬನ್ನಿರಿ. ಇದು ನಿಮ್ಮದು. ಇಷ್ಟು ದಿನ ನಮ್ಮಲ್ಲಿ ಇಟ್ಟುಕೊಂಡದ್ದಕ್ಕೆ ಕ್ಷಮೆಯಿರಲಿ.

ಹಸಿದವರಿಗೆ ಅನ್ನವಾದ ಪ್ರಭುವು ನಮ್ಮೆಲ್ಲರನ್ನೂ, ಬೀದರಿನ ಆ ಪಂಕ್ತಿಯಲ್ಲಿ ಬಡಿಸುವ ಕೈಗಳನ್ನೂ, ಹೊಳೆಯ ದಂಡೆಯಲ್ಲಿ ಬದುಕುವ ಎಲ್ಲರನ್ನೂ ಆಶೀರ್ವದಿಸಲಿ. ಆಮೆನ್.